ಸರಣಿಯೋ ಸಮಾಂತರವೋ: ಬೆರಳಿಟ್ಟು ನೋಡಿ

ಸರಣಿ ಮತ್ತು ಸಮಾಂತರ ಜೋಡಣೆಯ ಸೂತ್ರಗಳನ್ನು ಬಾಯಿಪಾಠ ಮಾಡಿದ ಮಕ್ಕಳೂ ವಿದ್ಯುತ್ ಮಂಡಲದ ಚಿತ್ರವನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ತಡವರಿಸುತ್ತಾರೆ. ಪ್ರವಾಹದ, ಅಂದರೆ ಕರೆಂಟಿನ, ದಾರಿಯನ್ನು ಕಣ್ಣಾರೆ ಕಾಣದೆ ಸೂತ್ರಕ್ಕೆ ಕೈಹಾಕಿದರೆ ಹೀಗೇ ಆಗುವುದು.

ಬೇಕಾದದ್ದು 1.5 ವೋಲ್ಟ್‌ನ ಎರಡು ಸೆಲ್, ಒಂದೇ ಬಗೆಯ ಎರಡು ಹಳೆಯ ಟಾರ್ಚ್ ಬಲ್ಬ್, ತುಂಡು ವೈರ್. ಬಲ್ಬ್ ಒಳಗೆ ತಂತು ಇರುವಂಥದ್ದಾಗಿರಲಿ, ಎಲ್‌ಇಡಿ ಬೇಡ. ಮನೆಯ 230 ವೋಲ್ಟ್ ಪ್ಲಗ್ಗಿನ ಹತ್ತಿರ ಈ ಪ್ರಯೋಗ ಸುಳಿಯಲೇಬಾರದು.

ಸೆಲ್ಲುಗಳನ್ನು ಒಂದರ ಹಿಂದೆ ಒಂದಿಟ್ಟು, ಧನ ತುದಿಯಿಂದ ಮೊದಲ ಬಲ್ಬಿಗೆ, ಅದರಿಂದ ಎರಡನೆಯದಕ್ಕೆ, ಅಲ್ಲಿಂದ ಋಣ ತುದಿಗೆ ವೈರ್ ಎಳೆಯಿರಿ. ಇದು ಸರಣಿ ಜೋಡಣೆ. ಎರಡೂ ಬಲ್ಬ್ ಮಂಕಾಗಿ, ಆದರೆ ಹೆಚ್ಚುಕಡಿಮೆ ಸಮನಾಗಿ ಉರಿಯುತ್ತವೆ. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಮೊದಲ ಬಲ್ಬ್ ಒಂದಿಷ್ಟು ಕರೆಂಟ್ ತಿಂದುಹಾಕಿ, ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ಬಲ್ಬುಗಳ ಜಾಗ ಅದಲುಬದಲು ಮಾಡಿ ನೋಡಿ, ಬೆಳಕು ಬದಲಾಗದು. ಬಲ್ಬಿನಲ್ಲಿ ವ್ಯಯವಾಗುವುದು ಶಕ್ತಿ. ಪ್ರವಾಹ ಉದ್ದಕ್ಕೂ ಅಷ್ಟೇ ಇರುತ್ತದೆ. ಒಂದನ್ನು ಸಡಿಲಿಸಿದರೆ ದಾರಿಯೇ ಕಡಿದು ಇನ್ನೊಂದೂ ಆರುತ್ತದೆ.

ಈಗ ಪ್ರತಿ ಬಲ್ಬಿನಿಂದಲೂ ಸೆಲ್ಲಿನ ಎರಡು ತುದಿಗಳಿಗೆ ಬೇರೆಬೇರೆ ವೈರ್ ಕೊಡಿ. ಇದು ಸಮಾಂತರ ಜೋಡಣೆ. ಎರಡೂ ಪ್ರಖರವಾಗುತ್ತವೆ, ಒಂದನ್ನು ತೆಗೆದರೂ ಇನ್ನೊಂದು ಉರಿಯುತ್ತದೆ. ಮನೆಯ ವೈರಿಂಗ್ ಹೀಗಿರುವುದರಿಂದಲೇ ಫ್ಯಾನ್ ಆರಿಸಿದರೂ ದೀಪ ಉರಿಯುತ್ತದೆ. ಆದರೆ ಸೆಲ್ ಬೇಗ ಖಾಲಿಯಾಗುತ್ತದೆ, ಎರಡು ಕವಲಿಗೂ ಆ ಸೆಲ್ಲೇ ಪ್ರವಾಹ ಕೊಡಬೇಕಲ್ಲ!

ಲೆಕ್ಕಕ್ಕೆ 6 ಓಮ್ ಮತ್ತು 3 ಓಮ್ ರೋಧಕಗಳನ್ನು (ಪ್ರವಾಹಕ್ಕೆ ಅಡ್ಡಿ ಒಡ್ಡುವ ಬಿಡಿಭಾಗಗಳನ್ನು) 9 ವೋಲ್ಟ್‌ಗೆ ಜೋಡಿಸೋಣ. ಸರಣಿಯಲ್ಲಿ ಒಟ್ಟು ರೋಧ, ಅಂದರೆ ಅಡ್ಡಿ, 9 ಓಮ್, ಪ್ರವಾಹ 1 ಆಂಪಿಯರ್. ವಿಭವಾಂತರ (ವೋಲ್ಟೇಜ್) 6 ಮತ್ತು 3 ವೋಲ್ಟ್ ಆಗಿ ಹಂಚಿಹೋಗುತ್ತದೆ. ಸಮಾಂತರದಲ್ಲಿ ಎರಡಕ್ಕೂ ಪೂರ್ತಿ 9 ವೋಲ್ಟ್. ಪ್ರವಾಹ 1.5 ಮತ್ತು 3, ಕೂಡಿದರೆ 4.5 ಆಂಪಿಯರ್. ಹಾಗಾದರೆ ಒಟ್ಟು ರೋಧ 2 ಓಮ್, ಎರಡರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆ. ದಾರಿ ಹೆಚ್ಚಿದಷ್ಟೂ ಅಡ್ಡಿ ಕಡಿಮೆ.

ಚಿತ್ರ ಗೊಂದಲ ಮಾಡಿದರೆ ಧನ ತುದಿಯಲ್ಲಿ ಬೆರಳಿಟ್ಟು ಗೆರೆಯ ಮೇಲೆ ಸಾಗಿ. ಒಂದು ರೋಧಕದಿಂದ ಇನ್ನೊಂದಕ್ಕೆ ಕವಲೇ ಸಿಗದೆ ತಲುಪಿದರೆ ಅವು ಸರಣಿಯಲ್ಲಿವೆ. ಎರಡು ರೋಧಕಗಳ ಎರಡೂ ತುದಿಗಳು ಅವೇ ಎರಡು ಬಿಂದುಗಳಲ್ಲಿ ಕೂಡಿದ್ದರೆ ಸಮಾಂತರ, ಗೆರೆಗಳು ಎಷ್ಟೇ ಓರೆಯಾಗಿರಲಿ.

ಕಾಗದದ ಮೇಲೆ ಬಿಡಿಸಲು ಒಂದು ಪ್ರಶ್ನೆ: 230 ವೋಲ್ಟ್‌ನ 40 ವ್ಯಾಟ್ ಮತ್ತು 100 ವ್ಯಾಟ್ ತಂತು ಬಲ್ಬುಗಳು ಸರಣಿಯಲ್ಲಿದ್ದರೆ ಯಾವುದು ಹೆಚ್ಚು ಬೆಳಗುತ್ತದೆ? 40 ವ್ಯಾಟಿನದೇ. ಅದರ ರೋಧ ಹೆಚ್ಚು, ಹಾಗಾಗಿ ವಿಭವಾಂತರದ ದೊಡ್ಡ ಪಾಲು ಅದಕ್ಕೇ ಬೀಳುತ್ತದೆ.