ಬಿ ಅಕ್ಷರಕ್ಕೆ ಬಂಗಾರ ಕೂರಿಸಿದ್ದು

ಚಿನ್ನದ ರೇಕು ಹಾಸುವ ಮುನ್ನ ಅಕ್ಷರದ ಮೇಲೆ ಉಸಿರು ಬಿಡಬೇಕು ಎಂದು ಕಲಿಸುವವರು ಹೇಳಿದಾಗ, ಅದು ಹಳೆಯ ಕಾಲದಿಂದ ನಡೆದುಬಂದ ಒಂದು ಶಾಸ್ತ್ರವಿರಬೇಕು ಎಂದುಕೊಂಡಿದ್ದೆ. ಇಡೀ ಕೆಲಸದ ಜೀವ ಆ ಉಸಿರಿನಲ್ಲೇ ಇದೆ ಎಂಬುದು ಮನವರಿಕೆಯಾಗಲು ನನಗೆ ಎರಡು ಚಳಿಗಾಲಗಳು ಬೇಕಾದವು. ಇಂಗ್ಲೆಂಡಿಗೆ ಬರುವ ಮೊದಲು ನಾನು ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ಕೆಲಸ ಮಾಡುತ್ತಿದ್ದೆ. ದೇವರ ಕಿರೀಟ, ಒಡವೆ, ಸೀರೆಯ ಅಂಚುಗಳ ಮೇಲೆ ಗೆಸ್ಸೊ ಎಂಬ ಅಂಟುಲೇಪವನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ಹಾಳೆ ಕೂರಿಸುವ ಕ್ರಮ ಕೈಗೆ ರೂಢಿಯಾಗಿತ್ತು. ಹಾಗಾಗಿ ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳ ಮೊದಲಕ್ಷರಗಳನ್ನು ಕಂಡಾಗ, ಇದು ನನ್ನ ಕೈಗೆ ಪರಿಚಿತವಾದ ಕೆಲಸವೇ ಎನ್ನಿಸಿ ಧೈರ್ಯ ಮಾಡಿದೆ. ಅರ್ಧ ನಿಜವಾಗಿತ್ತು.

ಮಾಡಲು ಆರಿಸಿಕೊಂಡದ್ದು ಬಿ ಅಕ್ಷರ. ಬೈಬಲಿನ ಲ್ಯಾಟಿನ್ ಕೀರ್ತನೆಗಳ ಮೊದಲನೆಯದು 'ಬಿಯಾಟಸ್ ವಿರ್', ಅಂದರೆ 'ಧನ್ಯನಾದ ಮನುಷ್ಯನು' ಎಂಬ ಮಾತುಗಳಿಂದ ಆರಂಭವಾಗುವುದರಿಂದ, ಕೀರ್ತನೆಗಳ ಹಸ್ತಪ್ರತಿಗಳಲ್ಲಿ ಆ ಬಿಗೆ ಸಿಕ್ಕಿರುವಷ್ಟು ಅಲಂಕಾರ ಬೇರೆ ಅಕ್ಷರಗಳಿಗೆ ಸಿಕ್ಕಿರುವುದು ಕಡಿಮೆ. ಅದರ ಎರಡು ಹೊಟ್ಟೆಗಳಲ್ಲಿ ಬಳ್ಳಿಗಳನ್ನೂ, ಕೀರ್ತನೆಗಳನ್ನು ರಚಿಸಿದನೆನ್ನಲಾದ, ವೀಣೆಯಂಥ ಹಾರ್ಪ್ ಹಿಡಿದ ದೊರೆ ದಾವೀದನನ್ನೂ, ಕಾಡುಮೃಗಗಳನ್ನೂ ಕೂರಿಸಲು ಧಾರಾಳವಾಗಿ ಜಾಗವಿದೆ.

ಕೆಲಸಕ್ಕೆ ಕೂರುವ ಮೊದಲು ವಿಂಚೆಸ್ಟರ್ ಕ್ಯಾಥೆಡ್ರಲ್‌ಗೆ ಹೋಗಿ ಅಲ್ಲಿನ ಬೈಬಲ್ ನೋಡಿಬಂದೆ. 12ನೆಯ ಶತಮಾನದ ಉತ್ತರಾರ್ಧದಲ್ಲಿ ಕರುಗಳ ಚರ್ಮದ ಮೇಲೆ ಬರೆದ ಆ ಭಾರಿ ಗ್ರಂಥದ ಬರವಣಿಗೆಯ ಬಹುಭಾಗ ಒಬ್ಬನೇ ಲಿಪಿಕಾರನದು. ಅಲಂಕಾರಕ್ಕೆ ಮಾತ್ರ ಹಲವು ಕಲಾವಿದರ ಕೈ ಸೇರಿದೆ. ಆದರೂ ಅದು ಪೂರ್ಣಗೊಳ್ಳಲಿಲ್ಲ. ನನ್ನಂಥವರಿಗೆ ಅದೇ ದೊಡ್ಡ ಭಾಗ್ಯ. ಒಂದು ಅಕ್ಷರ ಬರಿಯ ರೇಖೆಯಲ್ಲಿ ನಿಂತಿದ್ದರೆ, ಇನ್ನೊಂದಕ್ಕೆ ಚಿನ್ನ ಕೂತಿದ್ದರೂ ಬಣ್ಣ ಬಿದ್ದಿಲ್ಲ. ಬೇರೊಂದು ಸಂಪೂರ್ಣವಾಗಿ ಬೆಳಗುತ್ತಿದೆ. ಮೊದಲು ರೇಖೆ, ಆಮೇಲೆ ಚಿನ್ನ, ಕೊನೆಗೆ ಬಣ್ಣ ಎಂಬ ಕ್ರಮವನ್ನು ಯಾವ ಪಾಠಕ್ಕಿಂತಲೂ ಸ್ಪಷ್ಟವಾಗಿ ಆ ಅರ್ಧಕ್ಕೆ ನಿಂತ ಅಕ್ಷರಗಳು ತೋರಿಸಿಕೊಟ್ಟವು. ಚಿನ್ನವನ್ನು ಮೊದಲು ಕೂರಿಸಲು ಕಾರಣವಿದೆ: ರೇಕು ಬಣ್ಣದ ಗೋಂದಿಗೂ ಅಂಟಿಕೊಳ್ಳುತ್ತದೆ, ಮತ್ತು ಹೊಳಪು ಕೊಡುವ ಕಲ್ಲು ತಾಗಿದರೆ ಬಣ್ಣ ಕೆಡುತ್ತದೆ.

ಈಗ ಗೆಸ್ಸೊ. ನಾನು ಅನುಸರಿಸಿದ ಅಳತೆಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ 8 ಭಾಗ, ಸೀಸದ ಬಿಳಿ 3 ಭಾಗ, ಸಕ್ಕರೆ 1 ಭಾಗ, ಮೀನಿನ ಅಂಟು 1 ಭಾಗ, ಜೊತೆಗೆ ಬಿಳಿಯ ಚರ್ಮದ ಮೇಲೆ ಬಿಳಿಯ ಗೆಸ್ಸೊ ಕಣ್ಣಿಗೆ ಕಾಣಲೆಂದು ಒಂದು ಚಿಟಿಕೆ ಅರ್ಮೇನಿಯನ್ ಕೆಮ್ಮಣ್ಣು. ಸೀಸದ ಬಿಳಿ ವಿಷ. ಮನೆಯಲ್ಲಿ ಮಕ್ಕಳಿರುವುದರಿಂದ ನಾನು ಅದರ ಬದಲಿಗೆ ಟೈಟಾನಿಯಂ ಬಿಳಿಯನ್ನು ಬಳಸಿದೆ. ಪ್ಲಾಸ್ಟರನ್ನು ಹಾಗೆಯೇ ಹಾಕುವಂತಿಲ್ಲ, ಅದರ ಗಟ್ಟಿಯಾಗುವ ಗುಣವನ್ನು ಮೊದಲು ಕೊಲ್ಲಬೇಕು. ಒಂದು ಬಕೆಟ್ ನೀರಿಗೆ ಅದನ್ನು ಸ್ವಲ್ಪಸ್ವಲ್ಪವೇ ಉದುರಿಸಿ ಮೊದಲ ದಿನ ಒಂದು ಗಂಟೆ ಕೈಬಿಡದೆ ಕಲಕಿದೆ. ಮುಂದೆ ಒಂದು ತಿಂಗಳು ದಿನವೂ ತಿಳಿನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕಲಕುತ್ತ ಬಂದೆ. ಕೊನೆಗೆ ಕೈಗೆ ಸಿಕ್ಕಿದ್ದು ನುಣುಪಾದ ಬೆಣ್ಣೆಯಂಥ ವಸ್ತು. ಎಲ್ಲವನ್ನೂ ಗಾಜಿನ ಹಲಗೆಯ ಮೇಲೆ ಅರೆದು, ಬೊಟ್ಟುಗಳಾಗಿ ಇಟ್ಟು ಒಣಗಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಈ ಮಿಶ್ರಣದಲ್ಲಿ ಸಕ್ಕರೆಯ ಪಾತ್ರ ನನಗೆ ತುಂಬ ಇಷ್ಟವಾದದ್ದು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಸಿರು ತಾಗಿದೊಡನೆ ಒಣಗಿದ ಗೆಸ್ಸೊ ಮತ್ತೆ ಅಂಟಾಗುವುದು ಅದರಿಂದಲೇ.

ಕರುವಿನ ಚರ್ಮದ ವೆಲಮನ್ನು ಹಲಗೆಗೆ ಬಿಗಿದು, ನೊರೆಗಲ್ಲಿನ ಪುಡಿಯಿಂದ ಉಜ್ಜಿ ಜಿಡ್ಡು ತೆಗೆದು, ಒಂಬತ್ತು ಸೆಂಟಿಮೀಟರ್ ಎತ್ತರದ ಬಿಯನ್ನು ತೆಳುವಾದ ಶಾಯಿಯಲ್ಲಿ ಬರೆದುಕೊಂಡೆ. ಗೆಸ್ಸೊದ ಎರಡು ಬೊಟ್ಟುಗಳನ್ನು ಪುಟ್ಟ ಬಟ್ಟಲಿನಲ್ಲಿ ಪುಡಿಮಾಡಿ, ಭಟ್ಟಿಯಿಳಿಸಿದ ನೀರನ್ನು ಹನಿಹನಿಯಾಗಿ ಸೇರಿಸಿ, ಗುಳ್ಳೆ ಏಳದಂತೆ ಬೆರಳ ತುದಿಯಿಂದ ತಿರುವಿದೆ. ಕೆನೆಯ ಹದಕ್ಕೆ ಬಂದದ್ದನ್ನು ಹೆಬ್ಬಾತಿನ ಗರಿಯ ಲೇಖನಿಯಲ್ಲಿ ತುಂಬಿಕೊಂಡು ಅಕ್ಷರದ ಒಡಲಿಗೆ ಹರಿಸಿದೆ. ಉಜ್ಜಿ ಬಳಿಯುವಂತಿಲ್ಲ, ಹನಿಯನ್ನು ಅಂಚಿನವರೆಗೆ ಎಳೆದು ಬಿಟ್ಟರೆ ಅದು ತಾನೇ ಉಬ್ಬಿ ನಿಲ್ಲುತ್ತದೆ.

ಮೊದಲ ಸಲ ಸೋತದ್ದು ಇಲ್ಲಿಂದ ಮುಂದೆ. ಜನವರಿ ತಿಂಗಳು, ಹೀಟರ್ ಹಗಲೂ ರಾತ್ರಿ ಉರಿಯುತ್ತಿದ್ದ ಕೋಣೆ, ಗಾಳಿಯಲ್ಲಿ ತೇವದ ಸುಳಿವೇ ಇಲ್ಲ. ಎಷ್ಟು ಊದಿದರೂ ರೇಕು ಅಲ್ಲಲ್ಲಿ ಮಾತ್ರ ಹಿಡಿಯಿತು. ತೇವ ಬೇಕಲ್ಲವೇ ಎಂದು ಮೇಜಿನ ಪಕ್ಕದಲ್ಲೇ ಕೆಟಲ್ ಇಟ್ಟು ನೀರು ಕುದಿಸಿದೆ. ಹತ್ತು ನಿಮಿಷದಲ್ಲಿ ವೆಲಮ್ ಹಪ್ಪಳದಂತೆ ಅಲೆಅಲೆಯಾಗಿ ಎದ್ದಿತು. ಬಗ್ಗಲಾರದ ಗೆಸ್ಸೊ ಬಿಯ ನೆಟ್ಟನೆಯ ಕಾಲಿನುದ್ದಕ್ಕೂ ಸೀಳಿ, ಉಗುರಗಲದ ಚೂರೊಂದು ಕಳಚಿ ಮೇಜಿನ ಮೇಲೆ ಬಿದ್ದಿತು. ವೆಲಮ್ ಎಷ್ಟಾದರೂ ಚರ್ಮ, ತೇವ ಕಂಡರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೈಸೂರಿನಲ್ಲಿ ಹಲಗೆಗೆ ಅಂಟಿಸಿದ ಹಾಳೆಯ ಮೇಲೆ ಕೆಲಸ ಮಾಡಿದ ನನ್ನ ಕೈಗೆ ಈ ಎಚ್ಚರ ಇರಲಿಲ್ಲ. ಒಂದು ತಿಂಗಳ ಕೆಲಸ ಹೋಯಿತೆಂದು ಆ ದಿನ ಅತ್ತೆ.

ಎರಡನೆಯ ಬಿಯನ್ನು ಮುಂದಿನ ಚಳಿಗಾಲ ಕಳೆಯುವ ಹೊತ್ತಿಗೆ ಶುರುಮಾಡಿದೆ. ಈ ಬಾರಿ ಹೀಟರ್ ಆರಿಸಿ, ರಾತ್ರಿಯಿಡೀ ಕಿಟಕಿಯನ್ನು ತುಸು ತೆರೆದಿಟ್ಟು, ಮಳೆ ಬಿದ್ದ ಒಂದು ಬೆಳಗಿನ ಜಾವ ಐದಕ್ಕೆ ಕೂತೆ. ಗೋಡೆಯ ಮೇಲಿನ ಮಾಪಕ ಶೇ. 68 ತೇವ ತೋರಿಸುತ್ತಿತ್ತು. ಗೆಸ್ಸೊದ ಮೈಯನ್ನು ಬಾಗಿದ ಚೂರಿಯಿಂದ ಹಗುರವಾಗಿ ಕೆರೆದು ನಯಮಾಡಿದೆ. ಕಾಗದದ ಕೊಳವೆಯೊಂದನ್ನು ತುಟಿಗಿಟ್ಟು, ಎದೆಯಾಳದ ಬೆಚ್ಚಗಿನ ಉಸಿರನ್ನು ಒಂದೇ ಕಡೆ ನಾಲ್ಕು ಸಲ ಬಿಟ್ಟೆ. ಮೇಲುಸಿರು ಸಾಲದು, ಕನ್ನಡಕದ ಗಾಜು ಒರೆಸುವ ಮುನ್ನ ಹಾ ಎಂದು ಬಿಡುತ್ತೇವಲ್ಲ, ಆ ಉಸಿರೇ ಆಗಬೇಕು. ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಭಾಗ ದಪ್ಪದ ರೇಕನ್ನು ತಕ್ಷಣ ಹಾಸಿ, ನುಣುಪು ಕಾಗದ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿದೆ. ಎರಡು ಎಣಿಸುವಷ್ಟು ತಡವಾದರೂ ತೇವ ಆರಿಹೋಗುತ್ತದೆ. ಕಾಗದ ತೆಗೆದಾಗ ಬಿಯ ಮೇಲಿನ ಹೊಟ್ಟೆಯ ಅಂಚು ಒಂದು ಕಡೆಯೂ ಹರಿಯದೆ ಉಳಿದಿತ್ತು.

ಸ್ವಲ್ಪ ಹೊತ್ತು ಬಿಟ್ಟು, ನಾಯಿಯ ಕೋರೆಹಲ್ಲಿನ ಆಕಾರದ ಅಗೇಟ್ ಕಲ್ಲಿನಿಂದ ತಿಕ್ಕತೊಡಗಿದೆ. ಮೊದಲು ಕಲ್ಲು ತಡೆಯುತ್ತದೆ, ಆಗ ಒತ್ತಬಾರದು. ಕ್ರಮೇಣ ಎಣ್ಣೆ ಸವರಿದಂತೆ ಜಾರತೊಡಗಿದಾಗ ಭಾರ ಹಾಕಬಹುದು. ಮಂಕಾದ ಹಳದಿ ಮೈ ಇದ್ದಕ್ಕಿದ್ದಂತೆ ಕಪ್ಪಾಗಿ ಕಂಡಿತು. ಗಾಬರಿಯಾಗಿ ತಲೆ ಓರೆಮಾಡಿದರೆ, ಕನ್ನಡಿಯಾದ ಚಿನ್ನದಲ್ಲಿ ನನ್ನ ಕರಿಯ ಶಾಲು ಬಿಂಬಿಸುತ್ತಿತ್ತು. ಅದರ ಮೇಲೆ ಇನ್ನೂ ಎರಡು ರೇಕುಗಳನ್ನು ಹಾಸಿದೆ. ಚಿನ್ನಕ್ಕೆ ಚಿನ್ನ ಉಸಿರಿನ ಹಂಗಿಲ್ಲದೆ ಅಂಟಿಕೊಳ್ಳುತ್ತದೆ.

ಬಣ್ಣದ ಕೆಲಸ ನನಗೆ ಸಲೀಸು. ಕೆಂಪಿಗೆ ಇಂಗಳೀಕದ ಛಾಯೆ, ನೀಲಿಗೆ ಲಾಜವರ್ದ ಕಲ್ಲಿನಿಂದ ತೆಗೆದ ಅಲ್ಟ್ರಾಮರೀನ್. ಆ ಕಲ್ಲು ಮಧ್ಯಯುಗದಲ್ಲಿ ಅಫ್ಘಾನಿಸ್ತಾನದ ಬದಕ್ಷಾನದ ಗಣಿಗಳಿಂದ ಯುರೋಪಿಗೆ ಹೋಗುತ್ತಿತ್ತು. 'ಅಲ್ಟ್ರಾಮರೀನ್' ಎಂಬ ಹೆಸರಿನ ಅರ್ಥವೇ ಕಡಲಾಚೆಯದು. ಬಣ್ಣವನ್ನು ಹಿಡಿದಿಡಲು, ಮೊಟ್ಟೆಯ ಬಿಳಿಯನ್ನು ನೊರೆಯಾಗುವಂತೆ ಕಡೆದು ರಾತ್ರಿಯಿಟ್ಟಾಗ ತಳದಲ್ಲಿ ಇಳಿಯುವ ತಿಳಿಯನ್ನು ಬಳಸಿದೆ. ಮೇಲಿನ ಹೊಟ್ಟೆಯಲ್ಲಿ ಹಾರ್ಪ್ ಹಿಡಿದ ದಾವೀದ ಕುಳಿತ. ಕೆಳಗಿನದಕ್ಕೆ ಸುರುಳಿಬಳ್ಳಿ ಸಾಕಾಯಿತು.

ಎಲ್ಲ ಬಣ್ಣ ಒಣಗಿದ ಮೇಲೆ ಬಳ್ಳಿಯ ಬೆನ್ನಿನ ಮೇಲೆ ಬಿಳಿಯ ಕೂದಲೆಳೆ ಗೆರೆಗಳನ್ನು ಎಳೆದೆ. ಕೊನೆಗೆ ಚಿನ್ನದ ಸುತ್ತ ಕಪ್ಪು ಅಂಚು ಕಟ್ಟುವಾಗ ಉಸಿರು ಬಿಗಿಹಿಡಿದೇ ಕುಂಚ ಎಳೆಯಬೇಕಾಯಿತು. ಅದಕ್ಕೇ ನಾಲ್ಕು ಸಂಜೆ ಹಿಡಿಯಿತು. ರೇಕು ಹರಿದು ಅಂಕುಡೊಂಕಾದ ತುದಿಗಳೆಲ್ಲ ಆ ಗೆರೆಯ ಅಡಿಗೆ ಸೇರಿಕೊಂಡು, ಅಕ್ಷರ ಪುಟದಿಂದ ಮೇಲೆದ್ದು ನಿಂತಿತು.