ಘಾಟಿಯಲ್ಲಿ ಸುಸ್ತಾಗುವ ಹಳೆ ಡೀಸೆಲ್ ವ್ಯಾನ್: ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿಸುವ ಮೊದಲು ಓದಿ

ಹಳೆ ಮಟಡೋರನ್ನು ಒಳಗೇ ಮಲಗಿ ಅಡುಗೆ ಮಾಡುವ ಗಾಡಿ ಮಾಡಿಕೊಂಡವರಿಗೆ ಇದು. ಕಾಞಂಗಾಡಿನಿಂದ ಚೆನ್ನಾಗಿ ಬರುವ ಗಾಡಿ ಪಾಣತ್ತೂರು ದಾಟಿ ಕೊಡಗಿನ ಕರಿಕೆ ಕಡೆ ಹತ್ತುವಾಗ ಪುಲ್ಲಿಂಗ್ (ಎಳೆಯುವ ಶಕ್ತಿ) ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದಾ? ಹಾಗಾದರೆ ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಹೊಗೆಯೇ ಇಲ್ಲದೆ ಸುಸ್ತಾದರೆ ಹೆಚ್ಚಾಗಿ ಡೀಸೆಲ್ ಸಾಲುತ್ತಿಲ್ಲ.

ಆಗ ಅಲ್ಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ (ಒಳಗೆ ಗ್ಯಾಸ್ ಒಲೆ ಉರಿಯುತ್ತಿದ್ದರೆ ಮೊದಲು ಆರಿಸಿ ಮಾರಾಯ್ರೆ). ಗಾಳಿ ಒಳಗೆ ಎಳೆದ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪಿನ್ ಹಾಕಿ ಬಿಡಿಸಿದರೆ ಸಾಕು, ಖರ್ಚೇ ಇಲ್ಲ. ಸದ್ದು ಬರದಿದ್ದರೆ ಟ್ಯಾಂಕಿನೊಳಗಿನ ಜಾಲರಿ ಮೇಲೆ ಅನುಮಾನ. ಓಡುವಾಗ ಕೆಸರು ಅದಕ್ಕೆ ಅಂಟುತ್ತದೆ, ನಿಂತಾಗ ಕೆಳಗೆ ಬೀಳುತ್ತದೆ, ಅದಕ್ಕೇ ಈ ನಾಟಕ.

ನಮ್ಮ ಕಡೆ ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯ ಡೀಸೆಲಿನಲ್ಲಿ ನೀರು ಜಾಸ್ತಿ. ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಬಿಡಿ. ಸ್ವಲ್ಪ ಹೊತ್ತಲ್ಲಿ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ.

ಗುಳ್ಳೆ ಇದೆಯಾ ನೋಡಲು ಆ ಫಿಲ್ಟರಿಗೆ ಡೀಸೆಲ್ ಬರುವ ಕಡೆ, ಡೀಸೆಲಿಗೆ ಹಾಳಾಗದ ಪಾರದರ್ಶಕ ಪೈಪಿನ ತುಂಡು ಹಾಕಿ. ಗುಳ್ಳೆ ಓಡುತ್ತಿದ್ದರೆ ಎಲ್ಲೋ ಏರ್ ಎಳೆಯುತ್ತಿದೆ. ಹಳೆ ರಬ್ಬರ್ ಪೈಪು, ತಾಮ್ರದ ವಾಷರು, ಇವೆರಡೇ ಸಾಮಾನ್ಯವಾಗಿ ಕಳ್ಳರು. ಬದಲಿಸಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯಿರಿ. ಇಷ್ಟಾದ ಮೇಲೂ ಸುಸ್ತಾದರೆ ಮಾತ್ರ ಪಂಪು, ನಾಜಲ್ ಕೆಲಸದವರ ಹತ್ತಿರ ಹೋಗಿ.