ಮಿಷನ್‌ಗೆ ಹೊರಟಿದ್ದೀರಾ? ಮೊದಲ ಮೂರು ತಿಂಗಳಿಗೆ ಅಕ್ಕನ ಕಿವಿಮಾತು

ಕರೆಪತ್ರ ಬಂದಾಯಿತು. ಸೂಟ್‌ಕೇಸ್ ಮಂಚದ ಮೇಲೆ ಬಾಯಿ ತೆರೆದು ಕೂತಿದೆ. ಸಭೆಯಲ್ಲಿ ಎಲ್ಲರೂ ಕೈಕುಲುಕಿ 'ಚೆನ್ನಾಗಿ ಪ್ರಾರ್ಥನೆ ಮಾಡು' ಅನ್ನುತ್ತಾರೆ. ಆ ಮಾತು ಸರಿಯೇ. ಆದರೆ ದಿನ ಹೇಗೆ ಕಳೆಯಬೇಕು ಅಂತ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನವಳು. ಯೇಸು ಕ್ರಿಸ್ತನ ಲ್ಯಾಟರ್-ಡೇ ಸೇಂಟ್ಸ್ ಸಭೆಯವಳು, ಅಂದರೆ ಜನ ಮಾರ್ಮನ್ ಅಂತ ಕರೆಯುವ ಸಭೆ. ನಮ್ಮಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು ಮಿಷನ್ ಸೇವೆ, ಅಂದರೆ ಮನೆ ಬಿಟ್ಟು ಹೋಗಿ ನಂಬಿಕೆ ಸಾರುವ ಸೇವೆ, ಮಾಡುತ್ತಾರೆ. ಸಂಬಳ ಇಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದೂ ನಮ್ಮ ಆಯ್ಕೆಯಲ್ಲ. ಬೆಂಗಳೂರು ಮಿಷನ್ (ಇಲ್ಲಿ ಮಿಷನ್ ಅಂದರೆ ಸೇವೆಯ ಪ್ರದೇಶ) ಶುರುವಾದದ್ದು 1993ರಲ್ಲಿ. ನನ್ನ ಸೇವೆಯೂ ಅದರಲ್ಲೇ, ಆದರೆ ಜಾಸ್ತಿ ಕಾಲ ಇದ್ದದ್ದು ಗೋದಾವರಿ ದಂಡೆಯ ರಾಜಮಂಡ್ರಿಯಲ್ಲಿ. ನಾನು ಹೇಳುವುದರಲ್ಲಿ ಆ ಊರಿನ ಬಿಸಿಲು, ಆ ಊರಿನ ಊಟ ಎರಡೂ ಸೇರಿರುತ್ತವೆ.

ಮೊದಲು ಜೊತೆಗಾರರ ವಿಷಯ. ಎಲ್ಲಕ್ಕಿಂತ ಮುಖ್ಯ ಇದೇ.

ನಿಮಗೆ ಒಬ್ಬ ಕಂಪ್ಯಾನಿಯನ್ ಕೊಡುತ್ತಾರೆ. ಮೊದಲ ಹನ್ನೆರಡು ವಾರ ಅವರೇ ನಿಮ್ಮ ಟ್ರೈನರ್. ಬಚ್ಚಲುಮನೆ ಬಿಟ್ಟರೆ ಉಳಿದ ಹೊತ್ತೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಕಾಣುವಷ್ಟು, ಕೇಳುವಷ್ಟು ಹತ್ತಿರ ಇರಬೇಕು. ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲಿಕ್ಕೂ ಇಬ್ಬರೇ. ಅಕ್ಕತಂಗಿಯರ ಜೊತೆ ಒಂದೇ ಕೋಣೆಯಲ್ಲಿ ಬೆಳೆದವರಿಗೂ ಇದು ಹೊಸದು. ಯಾಕೆಂದರೆ ತಂಗಿಯ ಮೇಲೆ ಮುನಿಸಿಕೊಂಡರೆ ಪಕ್ಕದ ಮನೆಗಾದರೂ ಹೋಗಿ ಕೂರಬಹುದು.

ಮೊದಲ ಸಂಜೆಯೇ ಕೂತು ಸಣ್ಣ ಸಣ್ಣ ವಿಷಯ ಮಾತಾಡಿಬಿಡಿ. ಬೆಳಗ್ಗೆ ಸ್ನಾನ ಯಾರು ಮೊದಲು? ಫ್ಯಾನ್ ಎಷ್ಟರಲ್ಲಿ ಓಡಬೇಕು? ಸಾರಿಗೆ ಖಾರ ಎಷ್ಟು? ಸುಮ್ನೆ ನಗಬೇಡಿ, ನಿಜವಾದ ಜಗಳ ಹುಟ್ಟುವುದು ಇಲ್ಲೇ. ಧರ್ಮದ ವಿಷಯಕ್ಕೆ ಇಬ್ಬರು ಮಿಷನರಿಗಳು ಜಗಳ ಆಡಿದ್ದನ್ನು ನಾನು ನೋಡಿಲ್ಲ. ತೊಳೆಯದ ಕುಕ್ಕರ್‌ಗೆ ಎರಡು ದಿನ ಮಾತು ಬಿಟ್ಟವರನ್ನು ನೋಡಿದ್ದೇನೆ.

ವಾರಕ್ಕೊಮ್ಮೆ ಇಬ್ಬರೂ ಕೂತು ಮನಬಿಚ್ಚಿ ಮಾತಾಡುವ ಕ್ರಮ ನಮ್ಮಲ್ಲಿದೆ. ಅದನ್ನು ಶಾಸ್ತ್ರಕ್ಕೆ ಮುಗಿಸಬೇಡಿ. ನನ್ನ ಟ್ರೈನರ್ ಆಂಧ್ರದವರು, ಮಿತಭಾಷಿ. ಅವರು ಮೊದಲು ನಾನು ಆ ವಾರ ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳುತ್ತಿದ್ದರು. ಹೊಗಳಿಕೆಯಲ್ಲ, ಕಣ್ಣಾರೆ ಕಂಡದ್ದು: 'ಆ ಅಜ್ಜಿ ಮಾತಾಡುವಾಗ ನೀನು ಒಂದು ಸಲವೂ ವಾಚ್ ನೋಡಲಿಲ್ಲ.' ಆಮೇಲೆ ತಿದ್ದಿಕೊಳ್ಳಬೇಕಾದ್ದು ಒಂದೇ ಒಂದು. ಒಂದಕ್ಕಿಂತ ಜಾಸ್ತಿ ಯಾವತ್ತೂ ಹೇಳಲಿಲ್ಲ. ಈ ಪದ್ಧತಿಯನ್ನು ಹಾಗೇ ಇಟ್ಟುಕೊಳ್ಳಿ ಅಂತ ನನ್ನ ಸಲಹೆ.

ಇನ್ನು ಬೆಳಗಿನ ಹೊತ್ತು. ಸಾಮಾನ್ಯವಾಗಿ ಆರೂವರೆಗೆ ಏಳುವುದು, ಪ್ರಾರ್ಥನೆ, ವ್ಯಾಯಾಮ, ತಿಂಡಿ, ದಿನದ ಯೋಜನೆ, ಓದು. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಇದರಲ್ಲಿ ಯಾವುದಕ್ಕೆ ಬೇಕಾದರೂ ಐದು ನಿಮಿಷ ಆಚೀಚೆ ಮಾಡಿ, ಓದಿಗೆ ಮಾತ್ರ ಕೈ ಹಚ್ಚಬೇಡಿ.

ಆದರೆ ಪುಟ ಮುಗಿಸಲಿಕ್ಕೆ ಓದಬೇಡಿ. ಆ ದಿನ ಯಾರ ಮನೆಗೆ ಹೋಗುತ್ತೀರೋ ಅವರನ್ನು ನೆನಪಿನಲ್ಲಿ ಇಟ್ಟುಕೊಂಡು ಓದಿ. ಗಂಡ ತೀರಿಕೊಂಡ ಒಬ್ಬ ಆಂಟಿ ನಮ್ಮನ್ನು ಕೇಳಿದ್ದರು, 'ಅವರು ಈಗ ಎಲ್ಲಿದ್ದಾರಮ್ಮಾ?' ಅಂತ. ಮಾರನೇ ದಿನ ಬೆಳಗ್ಗೆ ನಮ್ಮ ಪವಿತ್ರ ಗ್ರಂಥಗಳಲ್ಲಿ ಒಂದಾದ ಮಾರ್ಮನ್ ಗ್ರಂಥದ ಆಲ್ಮ 40ನೇ ಅಧ್ಯಾಯ ತೆರೆದೆ. ಸತ್ತ ಮೇಲೆ, ಪುನರುತ್ಥಾನಕ್ಕೆ ಮೊದಲು ಆತ್ಮ ಎಲ್ಲಿರುತ್ತದೆ ಅಂತ ಒಬ್ಬ ತಂದೆ ಮಗನಿಗೆ ಹೇಳುವ ಭಾಗ ಅದು. ಮುಂಚೆಯೂ ಓದಿದ್ದೆ. ಆದರೆ ಆ ಆಂಟಿಯ ಮುಖ ಕಣ್ಣಮುಂದೆ ಇದ್ದಾಗ ಒಂದೊಂದು ಸಾಲೂ ಅವರಿಗೇ ಬರೆದ ಹಾಗೆ ಕಂಡಿತು. ಸಂಜೆ ಅವರ ಜೊತೆ ಕೂತು ಅದನ್ನೇ ನಿಧಾನವಾಗಿ ಓದಿದೆವು. ವಿವರಣೆ ಕೊಡಲು ಹೋಗಲಿಲ್ಲ. ಬೇಕಾಗಲೂ ಇಲ್ಲ.

ವಾದ ಗೆಲ್ಲುವುದು ನಮ್ಮ ಕೆಲಸ ಅಲ್ಲ. 1820ರಲ್ಲಿ ಹದಿನಾಲ್ಕು ವರ್ಷದ ಜೋಸೆಫ್ ಸ್ಮಿತ್ ಯಾವ ಸಭೆ ಸೇರಬೇಕು ಅಂತ ತಿಳಿಯದೆ ನ್ಯೂಯಾರ್ಕ್ ರಾಜ್ಯದ ಒಂದು ತೋಪಿನಲ್ಲಿ ಮೊಣಕಾಲೂರಿ ದೇವರನ್ನೇ ಕೇಳಿದ. ನಮ್ಮ ನಂಬಿಕೆ ಶುರುವಾಗುವುದು ಅಲ್ಲಿಂದ. ಮಾರ್ಮನ್ ಗ್ರಂಥದ ಕೊನೆಯ ಅಧ್ಯಾಯ ಹೇಳುವುದೂ ಅದನ್ನೇ: ಓದಿ, ಯೋಚಿಸಿ, ದೇವರನ್ನು ಕೇಳಿ. ಹಾಗಾಗಿ 'ನೀವೇ ಕೇಳಿ ನೋಡಿ' ಅಂತ ಹೇಳುವ ತನಕ ನಿಮ್ಮ ಕೆಲಸ. ಉತ್ತರ ಕೊಡುವವನು ಬೇರೆ. ಇದು ಮನಸ್ಸಿಗೆ ಹೋದರೆ ಹೆಗಲ ಮೇಲಿನ ಅರ್ಧ ಭಾರ ಇಳಿಯುತ್ತದೆ. ಆದರೆ ನೀವು ಕೇಳದೆ ಬೇರೆಯವರಿಗೆ ಹೇಳಬೇಡಿ. ನಾನು ರಾತ್ರಿ ಮಹಡಿ ಮೇಲೆ ನಿಂತು ಕೇಳುತ್ತಿದ್ದೆ, ಕನ್ನಡದಲ್ಲೇ. ಇಡೀ ದಿನ ತೆಲುಗು, ಇಂಗ್ಲಿಷ್ ಆಡಿದ ಮೇಲೆ ಆ ಹೊತ್ತು ಮನಸ್ಸಿಗೆ ಹಾಯ್ ಅನ್ನಿಸುತ್ತಿತ್ತು.

ನಮ್ಮನ್ನು ಕರೆದವರ ಮನೆಗೇ ಹೋಗುತ್ತಿದ್ದೆವು. ಸಭೆಯವರು ತಮ್ಮ ಪರಿಚಯದವರನ್ನು ಕೇಳಿ, ಅವರು ಒಪ್ಪಿದ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಚಿಕ್ಕ ವಯಸ್ಸಿನವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. ಯಾರಾದರೂ 'ಬೇಡಮ್ಮಾ' ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಇನ್ನೊಬ್ಬರ ಮನೆಯ ದೇವರನ್ನಾಗಲೀ ಹಬ್ಬವನ್ನಾಗಲೀ ಹಳಿಯುವ ಒಂದು ಮಾತೂ ನಿಮ್ಮ ಬಾಯಿಂದ ಬರಬಾರದು. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ.

ಕಾಫಿ, ಟೀ ವಿಷಯ ಬಂತು ನೋಡಿ. ನಮಗೆ ಎರಡೂ ವರ್ಜ್ಯ. ದಕ್ಷಿಣದಲ್ಲಿ ಯಾವ ಮನೆಗೆ ಹೋದರೂ ಕೂತ ಎರಡೇ ನಿಮಿಷಕ್ಕೆ ಅದೇ ಬರುತ್ತದೆ, ಅಲ್ವಾ? ಲೋಟ ಕೈಗೆ ಬಂದ ಮೇಲೆ ಬೇಡ ಅಂದರೆ ಮನೆಯವರಿಗೆ ಬೇಸರ. ಅದಕ್ಕೆ ಮೊದಲೇ ಬಾಯಿ ಬಿಡಬೇಕು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ 'ಆಂಟಿ, ಬಿಸಿಲಲ್ಲಿ ಬಂದಿದ್ದೀವಿ, ಮಜ್ಜಿಗೆ ಇದ್ದರೆ ಕೊಡಿ' ಅನ್ನಿ. ಮಜ್ಜಿಗೆ ಇಲ್ಲದ ಮನೆ ಕಡಿಮೆ. ಇಲ್ಲದಿದ್ದರೆ ನೀರು ಕೇಳಿ. ಕೇಳಿ ಪಡೆದರೆ ಕೊಟ್ಟವರಿಗೂ ಸಂತೋಷ. ಯಾಕೆ ಕುಡಿಯುವುದಿಲ್ಲ ಅಂತ ಅವರೇ ಕೇಳಿದಾಗ ಮಾತ್ರ ಹೇಳಿ, ಅದೂ ಎರಡೇ ಮಾತಿನಲ್ಲಿ: '1833ರಲ್ಲಿ ನಮ್ಮ ಪ್ರವಾದಿಗೆ ದೇವರಿಂದ ಬಂದ ಪ್ರಕಟಣೆ ಆಂಟಿ, ದೇಹವನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ. ಮದ್ಯ, ತಂಬಾಕೂ ಇಲ್ಲ.' ಮದ್ಯದ ಮಾತು ಬಂದ ಕೂಡಲೇ ಹೆಂಗಸರೆಲ್ಲ ನಿಮ್ಮ ಪರ ಆಗುತ್ತಾರೆ.

ಬಟ್ಟೆಬರೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಿಷನ್‌ನವರು ಪಟ್ಟಿ ಕೊಡುತ್ತಾರೆ. ಎರಡು ಮಾತು ಅದರಲ್ಲಿ ಇರುವುದಿಲ್ಲ. ಒಂದು, ಹತ್ತಿಯದೇ ತಗೊಳ್ಳಿ, ಮೇ ತಿಂಗಳಲ್ಲಿ ರಾಜಮಂಡ್ರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಎರಡು, ಸುಲಭವಾಗಿ ಬಿಚ್ಚುವ ಚಪ್ಪಲಿ ಇರಲಿ. ದಿನಕ್ಕೆ ಎಷ್ಟೋ ಹೊಸ್ತಿಲು ದಾಟಬೇಕು. ಲೇಸ್ ಕಟ್ಟುವ ಬೂಟು ತಂದ ಹುಡುಗರು ಬಾಗಿಲಲ್ಲೇ ಬಗ್ಗಿ ಬಗ್ಗಿ ಸುಸ್ತಾಗುತ್ತಾರೆ.

ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತು ಊಟವೂ ಇಲ್ಲ, ನೀರೂ ಇಲ್ಲ. ಉಳಿದ ಊಟದ ದುಡ್ಡು ಬಡವರಿಗೆ ಅಂತ ಸಭೆಗೆ ಕೊಡುತ್ತೇವೆ. ಬೇಸಿಗೆಯಲ್ಲಿ ಶನಿವಾರ ಮಧ್ಯಾಹ್ನದಿಂದಲೇ ಚೆನ್ನಾಗಿ ನೀರು ಕುಡಿಯಿರಿ. ಹುಷಾರಿಲ್ಲದಿದ್ದರೆ ಹಟ ಹಿಡಿದು ಮಾಡಬೇಡಿ. ಉಪವಾಸಕ್ಕೆ ಒಂದು ಕಾರಣ ಇಟ್ಟುಕೊಳ್ಳಿ, ಒಬ್ಬರ ಹೆಸರು ಹೇಳಿ ಶುರು ಮಾಡಿ.

ಸೋಮವಾರ ಪಿ-ಡೇ, ಅಂದರೆ ವಾರದ ತಯಾರಿಯ ದಿನ. ಬಟ್ಟೆ ಒಗೆಯುವುದು, ತರಕಾರಿ, ಮನೆಗೆ ಫೋನು. ಮೊದಲೆಲ್ಲ ವರ್ಷಕ್ಕೆ ಎರಡೇ ಸಲ ಮನೆಗೆ ಮಾತಾಡಬಹುದಿತ್ತು, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. 2019ರ ಫೆಬ್ರವರಿಯಿಂದ ವಾರವಾರವೂ ಮಾತಾಡಬಹುದು. ಇದು ದೊಡ್ಡ ಉಪಕಾರ. ಆದರೆ ಮನೆ ನೆನಪು ಹೆಚ್ಚುವುದೂ ಆ ಫೋನು ಇಟ್ಟ ಮೇಲೆಯೇ. ಒಗೆಯುವ ಕೆಲಸವನ್ನು ಫೋನಿನ ನಂತರಕ್ಕೆ ಇಟ್ಟುಕೊಳ್ಳಿ. ಕಲ್ಲಿಗೆ ನಾಲ್ಕು ಬಟ್ಟೆ ಕುಕ್ಕಿದರೆ ಮನಸ್ಸು ಹತೋಟಿಗೆ ಬರುತ್ತದೆ. 'ಎಲ್ಲ ಚೆನ್ನಾಗಿದೆ ಅಮ್ಮಾ' ಅಂತ ಮಾತ್ರ ಹೇಳಬೇಡಿ. ಅಮ್ಮಂದಿರು ಅದನ್ನು ನಂಬುವುದಿಲ್ಲ. ಏನು ತಿಂದಿರಿ, ಯಾರು ನಗಿಸಿದರು, ಯಾವುದು ಕಷ್ಟ ಆಯಿತು ಅಂತ ಹೇಳಿ.

ಯಾರೂ ಕೇಳದ ವಾರಗಳು ಬರುತ್ತವೆ. ಹೇಳಿದ ಹೊತ್ತಿಗೆ ಹೋದರೆ ಬಾಗಿಲಿಗೆ ಬೀಗ. ಆಗ ಆಲ್ಮ 26 ತೆಗೆಯಿರಿ. ಬೇರೆ ನಾಡಿಗೆ ನಂಬಿಕೆ ಸಾರಲು ಹೋದ ಅಮ್ಮೋನ ಮತ್ತು ಅವನ ಅಣ್ಣತಮ್ಮಂದಿರೂ ಸೋತು ವಾಪಸ್ ಹೊರಡುವ ಹಂತಕ್ಕೆ ಬಂದಿದ್ದರು. ಆಮೇಲೆ ಅವರು ಅಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದರು. ಓದಿ ಆದ ಮೇಲೆ ಸುಮ್ನೆ ಕೂರಬೇಡಿ. ಸಭೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿ. ಹೋಗಿ ಅವರ ನೀರಿನ ಕೊಡ ತುಂಬಿಸಿ, ಪಾತ್ರೆ ತೊಳೆದುಕೊಡಿ.

ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಸುದ್ದಿ ಬರುತ್ತದೆ. ನೀವು ಹೋಗಬೇಕಾದರೆ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ: ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ಪರೀಕ್ಷೆ, ಯಾವ ಮನೆಗೆ ಸಂಜೆ ಆರರ ಮೇಲೆ ಹೋಗಬಾರದು. ಸೊಳ್ಳೆಪರದೆ, ಬಕೆಟ್, ಕುಕ್ಕರ್ ಅಲ್ಲೇ ಬಿಡಿ. ಬರುವವರಿಗೆ ಬೇಕಾಗುತ್ತದೆ. ಕುಕ್ಕರ್ ಮಾತ್ರ ತೊಳೆದಿಟ್ಟು ಹೋಗಿ.